ನಾನು ‘ಸಿ’, ಅವರು ‘ಡಿ’: ತೂಕದ ಚೀಟಿ ಕೇಳಿದ್ದು ನನ್ನ ತಪ್ಪಾ?

ಪ್ರಶ್ನೆ: ಕಲಬುರಗಿಯ ಒಂದು ಬೇಳೆ ಮಿಲ್ಲಿನ ಆಫೀಸಿನಲ್ಲಿ ಆರು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ವಯಸ್ಸು 34. ದೀಪಾವಳಿ ಆದ ಮೇಲೆ ನಮ್ಮ ಸಾವ್ಕಾರರ ಮಗ ಹೊರಗಿನವರನ್ನು ಕರೆಸಿ ಒಂದು ದಿನದ ತರಬೇತಿ ಮಾಡಿಸಿದರು. ಮೊಬೈಲಿನಲ್ಲಿ ಪ್ರಶ್ನೆಗಳಿಗೆ ಟಿಕ್ ಹಾಕಿದೆವು. ಒಬ್ಬೊಬ್ಬರಿಗೂ ಒಂದು ಅಕ್ಷರ ಬಂತು. ನನಗೆ ‘ಸಿ’, ಅಂದರೆ ವಿವರ, ನಿಯಮ ನೋಡುವವಳು. ತೊಗರಿ ಖರೀದಿ ನೋಡುವ ಅಣ್ಣಾರಿಗೆ ‘ಡಿ’, ಅಂದರೆ ತಟ್ಟನೆ ನಿರ್ಧಾರ ಮಾಡುವವರು. ಹಳೆ ಮುನೀಮ ಕಾಕಾಗೆ ‘ಎಸ್’, ನಿಧಾನದವರು. ಮಾಲು ಕಳಿಸುವ ಹುಡುಗನಿಗೆ ‘ಐ’, ಮಾತುಗಾರ.

ಈಗ ತೊಗರಿ ಸೀಜನ್. ಅಣ್ಣಾರು ಕಾಳಿನ ಮಾರುಕಟ್ಟೆಯಾದ ಗಂಜ್‌ನಿಂದ ಫೋನ್ ಮಾಡಿ ‘ಇಷ್ಟು ರೊಕ್ಕ ಹಾಕ್ರಿ, ಲಗೂನ’ ಎಂದು ಹೇಳಿ ಇಟ್ಟುಬಿಡುತ್ತಾರೆ. ತೂಕದ ಚೀಟಿ ಎಲ್ಲಿ, ಅಡತಿಯವರ (ದಲ್ಲಾಳಿಗಳ) ಪಟ್ಟಿ ಎಲ್ಲಿ ಅಂತ ಕೇಳಿದರೆ ‘ನೀವು ಸಿ ಅಲ್ರೀ, ಹಂಗೇ ಇರ್ತೀರಿ’ ಎಂದು ನಗುತ್ತಾರೆ. ಒಮ್ಮೊಮ್ಮೆ ಎಲ್ಲರ ಮುಂದೆ ರೇಗುತ್ತಾರೆ. ಆಮೇಲೆ ‘ನಾ ಡಿ ಇದ್ದೀನಿ, ನನ್ನ ಸ್ವಭಾವಾನೇ ಹಂಗ’ ಅನ್ನುತ್ತಾರೆ. ಮುನೀಮ ಕಾಕಾ ಎಲ್ಲದಕ್ಕೂ ‘ಆಯ್ತ್ರಿ’ ಅನ್ನುತ್ತಾರೆ, ಕೆಲಸ ಮಾತ್ರ ಆಗಿರುವುದಿಲ್ಲ. ನನ್ನ ಸ್ವಭಾವವೇ ತಪ್ಪಾ? ಬದಲಿಸಿಕೊಳ್ಳಬೇಕಾ? ಈ ಅಕ್ಷರ ನೋಡಿ ಮುಂದೆ ಬಡ್ತಿ ತಪ್ಪಿಸುತ್ತಾರಾ? ಎರಡನೇ ಸುತ್ತಿನ ತರಬೇತಿ ಇದೆಯಂತೆ. ಹೋಗಲೋ ಬೇಡವೋ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ, ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಹಾಗೆ ಇಬ್ಬರು ಹೊಂದಿಕೆಯಾಗದವರ ಕತೆ ಅನ್ನಿಸಿತು. ಎರಡನೇ ಸಲ ಬೇರೆಯದು ಕಣ್ಣಿಗೆ ಬಿತ್ತು. ಚೀಟಿ ಬರುವ ಮೊದಲೇ ದುಡ್ಡು ಹೋಗುತ್ತಿದೆ. ಅದನ್ನು ನೀವು ಕೇಳಿದಾಗಲೆಲ್ಲ ಮಾತು ನಿಮ್ಮ ಸ್ವಭಾವದ ಕಡೆ ತಿರುಗುತ್ತಿದೆ. ‘ಚೀಟಿ ಎಲ್ಲಿ’ ಅಂದರೆ ‘ನೀವು ಸಿ’ ಅನ್ನುವುದು ಯಾವ ಉತ್ತರ? ನಿಮ್ಮನ್ನು ಕಾಡುತ್ತಿರುವುದು ಇದೇ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಈ ಅಕ್ಷರಗಳು ಎಲ್ಲಿಂದ ಬಂದವು ಅಂತ ಹೇಳಿಬಿಡುತ್ತೇನೆ. ಅರ್ಧ ಭಯ ಅಲ್ಲೇ ಹೋಗುತ್ತದೆ. ಡಿ, ಐ, ಎಸ್, ಸಿ ಅನ್ನುವ ನಾಲ್ಕರ ಲೆಕ್ಕಕ್ಕೆ ಮೂಲ ವಿಲಿಯಂ ಮಾರ್ಸ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1928ರಲ್ಲಿ ಬರೆದ ಪುಸ್ತಕ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದಾ ಎಂದು ಅಳೆಯಲು ಹೊರಟವನೂ ಇವನೇ. ಮುಂದೆ 1941ರಲ್ಲಿ ವಂಡರ್ ವುಮನ್ ಎಂಬ ಕಾಮಿಕ್ಸ್ ನಾಯಕಿಯನ್ನು ಸೃಷ್ಟಿಸಿದವನೂ ಇವನೇ. ತರಾವರಿ ಕೆಲಸ ಮಾಡಿದ ಆಸಾಮಿ. ಆದರೆ ನೀವು ಟಿಕ್ ಹಾಕಿದ ಪರೀಕ್ಷೆಯನ್ನು ಅವನು ಮಾಡಲಿಲ್ಲ. ಅದು ಆಮೇಲೆ ಬಂದವರ ಕೆಲಸ. ಇವತ್ತು ಹಲವು ಕಂಪನಿಗಳು ತಮ್ಮ ತಮ್ಮ ಪ್ರಶ್ನೆಪತ್ರಿಕೆ ಮಾರುತ್ತವೆ. ಇನ್ನೊಂದು ಪರೀಕ್ಷೆಯ ಹೆಸರೂ ನಿಮ್ಮ ಕಿವಿಗೆ ಬಿದ್ದಿರಬಹುದು, ಮೈಯರ್ಸ್ ಬ್ರಿಗ್ಸ್ ಅಂತ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಹೇಳಿದ ವಿಚಾರದ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಮೈಯರ್ಸ್ ಕಟ್ಟಿದ್ದು ಅದು. ಅದರಲ್ಲಿ ಮನುಷ್ಯರು 16 ಬಗೆ. ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ಬರೆದರೆ ಎಷ್ಟೋ ಜನರ ‘ಬಗೆ’ ಬದಲಾಗಿರುತ್ತದೆ.

ಯಾಕೆ ಹೀಗೆ? 5 ಅಡಿ 5 ಅಂಗುಲಕ್ಕೆ ಒಂದು ಗೆರೆ ಎಳೆದು, ಮೇಲಿರುವವರೆಲ್ಲ ‘ಉದ್ದ’, ಕೆಳಗಿರುವವರೆಲ್ಲ ‘ಗಿಡ್ಡ’ ಅಂದುಕೊಳ್ಳಿ. ಗೆರೆಯ ಅಕ್ಕಪಕ್ಕ ನಿಂತ ಇಬ್ಬರ ನಡುವೆ ಅರ್ಧ ಅಂಗುಲವೂ ವ್ಯತ್ಯಾಸ ಇರುವುದಿಲ್ಲ, ಹೆಸರು ಮಾತ್ರ ಬೇರೆ. ಸ್ವಭಾವವೂ ಹಾಗೇ. ಜಾಸ್ತಿ ಜನ ನಡುವೆಯೇ ಇರುತ್ತಾರೆ. ಅದಕ್ಕೇ ಸಂಶೋಧಕರು ಜನರನ್ನು ಡಬ್ಬಿಗೆ ಹಾಕುವ ಬದಲು ಐದು ಗುಣಗಳನ್ನು ಅಳತೆಪಟ್ಟಿಯ ಮೇಲೆ ನೋಡುತ್ತಾರೆ: ಹೊಸದಕ್ಕೆ ಮನಸ್ಸು ತೆರೆಯುವುದು, ಅಚ್ಚುಕಟ್ಟುತನ, ಜನರೊಂದಿಗೆ ಬೆರೆಯುವುದು, ಹೊಂದಿಕೊಳ್ಳುವುದು, ಬೇಗ ಕಳವಳಗೊಳ್ಳುವುದು. ಯಾರಿಗೂ ಇವು ಸೊನ್ನೆಯೂ ಅಲ್ಲ, ನೂರೂ ಅಲ್ಲ.

‘ಆದರೆ ರಿಪೋರ್ಟ್ ಓದಿದಾಗ ನನ್ನನ್ನೇ ನೋಡಿ ಬರೆದ ಹಾಗಿತ್ತು’ ಅಂತ ನಿಮಗೆ ಅನ್ನಿಸಿರಬಹುದು. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಕೊಟ್ಟರು. ವಾರ ಬಿಟ್ಟು ಒಬ್ಬೊಬ್ಬರಿಗೂ ಅವರವರ ವರದಿ ಅಂತ ಕೊಟ್ಟು, ಎಷ್ಟು ಸರಿಯಿದೆ, 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಅಸಲಿಗೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ವರದಿ. ಅದರ ಸಾಲುಗಳನ್ನು ಮೇಷ್ಟ್ರು ಹೆಕ್ಕಿದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ! ನಮ್ಮ ಜಾತ್ರೆಗಳಲ್ಲಿ ಗಿಳಿ ತೆಗೆದ ಚೀಟಿ ಓದಿಸಿಕೊಂಡು ‘ಖರೇ ಅದ ನೋಡು’ ಅಂತ ತಲೆಯಾಡಿಸುತ್ತಾ ಬರುತ್ತೇವಲ್ಲ, ಹಾಗೇ.

ಗಿಳಿಯನ್ನು ನೋಡಿ ನಗುವ ಹಕ್ಕು ನನಗೂ ಪೂರ್ತಿ ಇಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಬೀದರಿನ ಒಂದು ಸಂಸ್ಥೆಯಲ್ಲಿ ನಾನೇ ಇಂಥ ತರಬೇತಿ ನಡೆಸಿದ್ದೆ. ಎಲ್ಲರ ಕೈಗೂ ಅವರವರ ಬಗೆಯ ಬಣ್ಣದ ರಿಬ್ಬನ್ ಕಟ್ಟಿಸಿದ್ದೆ. ಭಾರಿ ನಗು, ಭಾರಿ ಚಪ್ಪಾಳೆ. ವರ್ಷದ ನಂತರ ಅಲ್ಲಿಗೆ ಹೋದರೆ ರಿಬ್ಬನ್ ಹೋಗಿತ್ತು, ಬಣ್ಣ ಹೋಗಿರಲಿಲ್ಲ. ‘ಅವರು ಹಸಿರು, ಅವರಿಗೆ ಈ ಕೆಲಸ ಕೊಡಬ್ಯಾಡ್ರಿ’ ಅಂತ ಸಲೀಸಾಗಿ ಹೇಳುತ್ತಿದ್ದರು. ಒಬ್ಬ ಹೆಣ್ಣುಮಗಳಿಗೆ ಅದೇ ಕಾರಣಕ್ಕೆ ಹೊರಗಿನ ಓಡಾಟದ ಕೆಲಸ ತಪ್ಪಿತ್ತು, ಆಕೆಗೆ ಅದು ಬೇಕಾಗಿತ್ತು. ಅವತ್ತಿನಿಂದ ನಾನು ರಿಬ್ಬನ್ ಕಟ್ಟಿಸುವುದಿಲ್ಲ.

ಹಾಗಂತ ಎಲ್ಲವೂ ಸುಳ್ಳು ಅಂತ ಎಸೆಯಬೇಡಿ. ಜನ ಕೆಲಸ ಮಾಡುವ ರೀತಿಯಲ್ಲಿ ವ್ಯತ್ಯಾಸ ಇದ್ದೇ ಇದೆ, ದಿನಾ ಕಣ್ಣಿಗೆ ಕಾಣುತ್ತದೆ. ಅಕ್ಷರ ಮರೆತು ಎರಡೇ ವಿಷಯ ಗಮನಿಸಿ. ಒಂದು, ಈ ಮನುಷ್ಯ ಎಷ್ಟು ಬೇಗ ನಿರ್ಧಾರಕ್ಕೆ ಬರುತ್ತಾನೆ. ಇನ್ನೊಂದು, ಮಾತನ್ನು ಕೆಲಸದಿಂದ ಶುರುಮಾಡುತ್ತಾನೋ, ‘ಛಾ ಆಯ್ತೇನ್ರಿ’ ಎನ್ನುವುದರಿಂದಲೋ. ನಿಮ್ಮ ಖರೀದಿ ಅಣ್ಣಾರು ಬೇಗ, ಕೆಲಸ ಮೊದಲು. ನೀವು ನಿಧಾನ, ಕೆಲಸವೇ ಮೊದಲು. ನೋಡಿ, ಇಬ್ಬರಿಗೂ ಕೆಲಸವೇ ಮುಖ್ಯ, ಗಡಿಯಾರ ಮಾತ್ರ ಬೇರೆ. ಮುನೀಮ ಕಾಕಾ ನಿಧಾನ, ಮನುಷ್ಯ ಮೊದಲು. ಆ ಹುಡುಗ ಬೇಗ, ಮನುಷ್ಯ ಮೊದಲು. ಅವನ ಬಗ್ಗೆ ನೀವು ದೂರೇ ಹೇಳಿಲ್ಲ, ನಾನೂ ಮುಟ್ಟುವುದಿಲ್ಲ.

ಸ್ವಭಾವ ಅಂತ ನಾವು ಕರೆಯುವುದರಲ್ಲಿ ಬಹಳಷ್ಟು ಅವರವರ ಕೆಲಸ ಬೇಡುವ ನಡತೆ. ಇದನ್ನು ತರಬೇತಿಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಬೆಳಿಗ್ಗೆ ಹೊತ್ತು ಒಮ್ಮೆ ಗಂಜ್‌ಗೆ ಹೋಗಿ ನಿಂತು ನೋಡಿ. ತೊಗರಿ ಆವಕ ಜೋರಿದ್ದ ದಿನ ಆ ಮನುಷ್ಯ ಚೀಲಕ್ಕೆ ಕೈ ಹಾಕಿ, ಕಾಳು ಹಲ್ಲಲ್ಲಿ ಕಡಿದು, ತೇವ ಎಷ್ಟಿದೆ ಅಂತ ಅಂದಾಜು ಮಾಡಿ, ಪಕ್ಕದವನು ಬಾಯಿ ತೆರೆಯುವ ಮೊದಲು ಭಾವ ಹೇಳಬೇಕು. ಅಲ್ಲಿ ಹತ್ತು ನಿಮಿಷ ಯೋಚನೆ ಮಾಡುತ್ತಾ ಕೂತರೆ ಮಾಲು ಇನ್ನೊಬ್ಬರ ಲಾರಿ ಹತ್ತಿರುತ್ತದೆ. ಅವರ ಜಾಗದಲ್ಲಿ ನಿಮ್ಮನ್ನು ಎರಡು ಸೀಜನ್ ನಿಲ್ಲಿಸಿದರೆ ನೀವೂ ಫೋನನ್ನು ಅರ್ಧಕ್ಕೆ ಇಡುತ್ತೀರಿ.

ಅವರನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿದರೆ ಅವರೂ ಚೀಟಿ ಕೇಳುತ್ತಾರೆ, ಕೇಳಲೇಬೇಕು. ಆದಾಯ ತೆರಿಗೆ ನಿಯಮದಲ್ಲಿ ಒಬ್ಬ ವ್ಯಾಪಾರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಬೆಳೆದ ರೈತನಿಗೇ ಕೊಟ್ಟದ್ದಾದರೆ ವಿನಾಯಿತಿ ಇದೆ. ಅಂದರೆ ದುಡ್ಡು ಯಾರ ಕೈಗೆ ಹೋಯಿತು ಅಂತ ಕಾಗದದಲ್ಲಿ ಇಲ್ಲದಿದ್ದರೆ ಪೆಟ್ಟು ಬೀಳುವುದು ಸಾವ್ಕಾರರಿಗೆ. ಈ ಪ್ರಶ್ನೆ ಕೇಳಲಿಕ್ಕೇ ನಿಮಗೆ ಪಗಾರ ಕೊಡುತ್ತಾರೆ. ನಿಮ್ಮ ಸ್ವಭಾವ ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ಚೀಟಿ ಕೇಳುವುದಕ್ಕೆ ‘ಸಿ’ ಆಗಿರಬೇಕಾಗಿಯೂ ಇಲ್ಲ.

ಮಾತಿನ ಧಾಟಿಯ ಬಗ್ಗೆಯೂ ಒಂದು ಮಾತು. ನೀವು ಇಲ್ಲಿಯವರೇ ಅಂದುಕೊಂಡಿದ್ದೇನೆ. ಆದರೆ ತರಬೇತಿ ಕೊಡಲು ಬಂದವರು ಹೊರಗಿನವರು ಅಂದಿರಿ. ನಮ್ಮ ಕಡೆಯ ಮಾತು ಗಡಸು, ದನಿ ದೊಡ್ಡದು. ಯಾದಗಿರಿಗೆ ವರ್ಗವಾಗಿ ಬಂದ ಮೈಸೂರು ಕಡೆಯ ಅಧಿಕಾರಿಯೊಬ್ಬರು ಮೊದಲ ತಿಂಗಳು ನನ್ನ ಹತ್ತಿರ ‘ಇಲ್ಲಿ ಎಲ್ಲರೂ ಯಾಕೆ ಜಗಳಕ್ಕೇ ಬರ್ತಾರೆ?’ ಅಂತ ಕೇಳಿದ್ದರು. ಜಗಳ ಏನೂ ಇರಲಿಲ್ಲ. ಅವರ ಕೈಕೆಳಗಿನವರು ‘ಏನ್ ಸಾಹೇಬ್ರ, ಹಿಂಗ್ ಮಾಡಿದ್ರ ಹೆಂಗ್ರಿ’ ಅಂದಿದ್ದರು, ಅಷ್ಟೇ. ಅವರೆಲ್ಲರೂ ಆ ಅಧಿಕಾರಿಯ ಬಗ್ಗೆ ‘ಮೆತ್ತಗೆ ಮಾತಾಡ್ತಾರ, ಹೊಟ್ಟ್ಯಾಗ ಏನೈತೋ ಗೊತ್ತಾಗಂಗಿಲ್ಲ’ ಅಂತ ಅನುಮಾನ ಪಡುತ್ತಿದ್ದರು! ಊರಿನ ಮಾತಿನ ರೂಢಿಯನ್ನು ಒಬ್ಬರ ಸ್ವಭಾವ ಅಂತ ಓದಿದರೆ ಹೀಗಾಗುತ್ತದೆ. ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿಲು 40 ಡಿಗ್ರಿ ದಾಟುತ್ತದೆ ಅಂತ ನಮ್ಮ ಭಾಗದ ಸರಕಾರಿ ಕಚೇರಿಗಳ ಹೊತ್ತನ್ನೇ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಆ ಎರಡು ತಿಂಗಳು ಟೆಸ್ಟ್ ಮಾಡಿದರೆ ಊರಿಗೆ ಊರೇ ‘ಡಿ’ ಬರಬಹುದು.

ಈಗ ಮುನೀಮ ಕಾಕಾ. ನನಗೆ ಅಣ್ಣಾರಿಗಿಂತ ಕಾಕಾನ ವಿಷಯವೇ ಸೂಕ್ಷ್ಮ ಅನ್ನಿಸುತ್ತದೆ. ರೇಗುವವರ ಮನಸ್ಸಲ್ಲಿ ಏನಿದೆ ಅಂತ ತಕ್ಷಣ ಗೊತ್ತಾಗುತ್ತದೆ. ‘ಆಯ್ತ್ರಿ’ ಅನ್ನುವವರದ್ದು ಗೊತ್ತಾಗುವುದಿಲ್ಲ. ನಮ್ಮಲ್ಲಿ ‘ಆಯ್ತ್ರಿ’ಗೆ ಕಡಿಮೆ ಅಂದರೂ ಮೂರು ಅರ್ಥ: ಒಪ್ಪಿದೆ, ಕೇಳಿಸಿಕೊಂಡೆ, ಸಾಕು ಇನ್ನು ಈ ಮಾತು ಬಿಡ್ರಿ. ಹಿರಿಯರು ಎಲ್ಲರ ಮುಂದೆ ‘ಇದು ನನಗೆ ಬರಂಗಿಲ್ಲ’ ಅನ್ನುವುದಿಲ್ಲ. ನೀವು ಹೇಳಿದ್ದು ಕಂಪ್ಯೂಟರ್ ಕೆಲಸವಾ? ಹೊಸ ಪದ್ಧತಿಯಾ? ಹಾಗಿದ್ದರೆ ಅವರಿಗೆ ಬರದೆಯೇ ಇರಬಹುದು. ಅಥವಾ ಸಾವ್ಕಾರರು ಅವರಿಗೆ ಬೇರೆಯದೇ ಹೇಳಿರಬಹುದು, ನಿಮಗೆ ಹೇಳಲು ಸಂಕೋಚ. ಅದನ್ನೆಲ್ಲ ‘ಎಸ್ ಅಲ್ವಾ, ಹಂಗೇ’ ಅಂತ ಮುಚ್ಚಿಹಾಕಿದರೆ ಕಾರಣ ಸಿಗುವುದೇ ಇಲ್ಲ. ಅವರ ಹತ್ತಿರ ಹೋಗಿ ಕುಂತು, ಛಾ ತರಿಸಿ, ‘ಕಾಕಾ, ಇದರಾಗ ಎಲ್ಲಿ ತೊಡಕಾಗ್ಲಿಕತ್ತದ?’ ಅಂತ ಕೇಳಿ. ‘ಮಾಡ್ತೀರಾ?’ ಅಂತ ಕೇಳಿದರೆ ಮತ್ತೆ ‘ಆಯ್ತ್ರಿ’ಯೇ ಬರುತ್ತದೆ.

ಅಣ್ಣಾರ ವಿಷಯದಲ್ಲಿ ನಿಮ್ಮ ಮುಂದೆ ಏನೇನು ದಾರಿ ಇವೆ ಅಂತ ನೋಡೋಣ.

ಸೀಜನ್ ಮುಗಿಯುವವರೆಗೆ ಸುಮ್ನೆ ಇದ್ದುಬಿಡುವುದು ಒಂದು. ಬಹಳ ಜನ ಇದನ್ನೇ ಮಾಡುತ್ತಾರೆ. ಮನೆಯ ಮಾತಾದರೆ ನಾನೂ ಇರಲಿ ಬಿಡಿ ಅಂದೇನು. ಆದರೆ ನಿಮ್ಮದು ಲೆಕ್ಕದ ಕುರ್ಚಿ. ಮಾರ್ಚ್ ಕೊನೆಗೆ ಲೆಕ್ಕ ಕೂಡದಿದ್ದರೆ ಕೇಳುವುದು ನಿಮ್ಮನ್ನೇ. ಆಗ ‘ಅವರು ಫೋನಲ್ಲಿ ಹೇಳಿದ್ದರು’ ಅಂದರೆ ಯಾರೂ ಒಪ್ಪುವುದಿಲ್ಲ.

ನೇರವಾಗಿ ಅವರ ಜೊತೆ ಕೂತು ಮಾತಾಡುವುದು ಇನ್ನೊಂದು. ನಾನು ಮೊದಲು ಹಿಡಿಯುವ ದಾರಿ ಇದು. ಹೊತ್ತು ನೋಡಿ. ಗಂಜ್ ನಡೆಯುವ ಹೊತ್ತಲ್ಲಿ ಬೇಡ, ಸಾವ್ಕಾರರ ಮುಂದೆ ಬೇಡ, ಅವರು ರೇಗಿದ ದಿನವಂತೂ ಬೇಡವೇ ಬೇಡ. ಸಂಜೆ ಆಫೀಸಿಗೆ ಬಂದು ನೀರು ಕುಡಿದು ಕೂತಾಗ ಹೇಳಿ: ‘ಅಣ್ಣಾರೆ, ನಿಮ್ಮ ಸೌದಾ ನಿಲ್ಲಬಾರ್ದು, ನನ್ನ ಲೆಕ್ಕಾನೂ ತಪ್ಪಬಾರ್ದು. ಹೆಸರು, ಚೀಲ, ಭಾವ ಮೂರು ಹೇಳಿ ವಾಯ್ಸ್ ಮೆಸೇಜ್ ಹಾಕ್ರಿ, ಚೀಟಿ ಫೋಟೋ ಒಂದು ಕಳಸ್ರಿ. ಹತ್ತು ನಿಮಿಷದಾಗ ರೊಕ್ಕ ಹಾಕ್ತೀನಿ.’ ನಿಯಮ, ಆಡಿಟ್, ಹಿಂದಿನ ತಪ್ಪು ಯಾವುದನ್ನೂ ಎತ್ತಬೇಡಿ. ಅವಸರದವರಿಗೆ ಕಾರಣಗಳ ಪಟ್ಟಿ ಹಿಡಿಸುವುದಿಲ್ಲ, ಹತ್ತು ನಿಮಿಷ ಅನ್ನುವ ಮಾತು ಹಿಡಿಸುತ್ತದೆ. ಟೈಪ್ ಮಾಡಿ ಅನ್ನಬೇಡಿ. ಒಂದು ಕೈಯಲ್ಲಿ ತೊಗರಿ, ಇನ್ನೊಂದರಲ್ಲಿ ಫೋನ್ ಇರುವವರು ಅವರು.

ಇದರಲ್ಲಿ ಅಪಾಯ ಇಲ್ಲದಿಲ್ಲ. ನಾಲ್ಕು ದಿನ ಮಾಡಿ ಐದನೇ ದಿನ ಮರೆಯುತ್ತಾರೆ. ಆಗ ಮತ್ತೆ ಒಂದೇ ಸಾಲು ಹೇಳಿ, ‘ಫೋಟೋ ಬರ್ಲಿ ಅಣ್ಣಾರೆ, ತಯಾರ್ ಕುಂತೀನಿ’. ದೊಡ್ಡ ಅಪಾಯ ನಿಮ್ಮ ಕಡೆಯದು. ಹತ್ತು ನಿಮಿಷ ಅಂದು ಮುಕ್ಕಾಲು ಗಂಟೆ ಮಾಡಿದರೆ ಎಲ್ಲಾ ಮುಗಿಯಿತು. ಊಟಕ್ಕೆ ಹೋಗುವಾಗ ಆ ಕೆಲಸ ಯಾರು ನೋಡುತ್ತಾರೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಅದು ನಡೆಯದಿದ್ದರೆ ಸಾವ್ಕಾರರ ಹತ್ತಿರ ಹೋಗಬೇಕಾಗುತ್ತದೆ. ಇಲ್ಲಿ ಜನ ತಪ್ಪುವುದು ಎಲ್ಲಿ ಅಂದರೆ, ‘ಅವರು ಹೀಗೆ ಮಾತಾಡ್ತಾರೆ’ ಅಂತ ಶುರುಮಾಡುತ್ತಾರೆ. ಆಗ ಅದು ಚಾಡಿಯಾಗುತ್ತದೆ. ಸಾವ್ಕಾರರು ಇಬ್ಬರನ್ನೂ ಕರೆದು ‘ಹೊಂದಿಕೊಂಡು ಹೋಗ್ರಿ’ ಅಂತ ಹೇಳಿ ಕಳಿಸುತ್ತಾರೆ. ಅದರ ಬದಲು ಒಂದು ತಿಂಗಳ ಲೆಕ್ಕ ಹಿಡಿದು ಹೋಗಿ: ಇಷ್ಟು ಪಾವತಿ, ಇಷ್ಟಕ್ಕೆ ಚೀಟಿ ತಡ, ಇಷ್ಟಕ್ಕೆ ಇನ್ನೂ ಇಲ್ಲ. ಎಷ್ಟು ರೂಪಾಯಿವರೆಗೆ ಅಣ್ಣಾರ ಮಾತಿನ ಮೇಲೆ ಹಾಕಬಹುದು, ಅದಕ್ಕಿಂತ ಮೇಲೆ ಚೀಟಿ ಬೇಕೇ ಬೇಕಾ ಅಂತ ಒಂದು ಅಂಕಿ ಹೇಳಿಸಿಕೊಳ್ಳಿ. ಅಂಕಿ ಬಂದಮೇಲೆ ಅದು ಮಾಲೀಕರ ನಿಯಮ, ನಿಮ್ಮ ‘ಸಿ’ ಅಲ್ಲ. ಅಣ್ಣಾರಿಗೆ ಬೇಜಾರಾಗಬಹುದು, ಕೆಲವು ದಿನ ಮಾತು ಬಿಡಲೂಬಹುದು. ಅದಕ್ಕೇ ಹೋಗುವ ಮೊದಲು ಅವರಿಗೇ ಹೇಳಿ ಹೋಗಿ. ಬೆನ್ನ ಹಿಂದೆ ಹೋದಿರಿ ಅನ್ನುವ ಮಾತು ಸಣ್ಣ ಆಫೀಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಸ್ವಭಾವ ಬದಲಿಸಿಕೊಳ್ಳಬೇಕಾ ಅಂದಿರಿ. ಬೇಡ. ನಡತೆಯನ್ನು ಸ್ವಲ್ಪ ಹೊತ್ತು ಬಗ್ಗಿಸಬಹುದು. ಅವರ ಜೊತೆ ಮಾತಾಡುವಾಗ ಉತ್ತರ ಮೊದಲು, ವಿವರ ಆಮೇಲೆ. ಐದು ಪ್ರಶ್ನೆ ಇದ್ದರೆ ಮುಖ್ಯವಾದ ಎರಡು ಕೇಳಿ, ಉಳಿದದ್ದು ಸಂಜೆಗೆ. ದಿನಕ್ಕೆ ಅರ್ಧ ಗಂಟೆ ಹೀಗಿರುವುದು ಕಷ್ಟ ಅಲ್ಲ. ಇಡೀ ದಿನ ಇನ್ನೊಬ್ಬರ ಹಾಗೆ ಇರಲು ಹೋದರೆ ಸುಸ್ತಾಗುತ್ತದೆ, ಜೊತೆಗೆ ಚೀಟಿ ನೋಡುವ ಕಣ್ಣೂ ಮಂಕಾಗುತ್ತದೆ.

ರೇಗುವುದರ ಬಗ್ಗೆ ಬೇರೆಯಾಗಿ ಹೇಳಬೇಕು. ‘ನಾ ಡಿ ಇದ್ದೀನಿ’ ಅನ್ನುವುದು ಎಲ್ಲರ ಮುಂದೆ ಒಬ್ಬರನ್ನು ಬೈಯಲು ಪರವಾನಗಿ ಅಲ್ಲ. ಅವಸರ ಸ್ವಭಾವದಿಂದ ಬರಬಹುದು, ಬೈಗುಳ ಹಾಗಲ್ಲ. ಅಡತಿಯವರ ಮುಂದೆ, ಸಾವ್ಕಾರರ ಮುಂದೆ ಅವರು ಹಾಗೆ ರೇಗುತ್ತಾರಾ? ಇಲ್ಲ ಅಂತಾದರೆ ಎಲ್ಲಿ ತಡೆಯಬೇಕು ಅಂತ ಅವರಿಗೆ ಗೊತ್ತಿದೆ. ಮುಂದಿನ ಸಲ ಅಲ್ಲೇ, ದನಿ ಏರಿಸದೆ, ‘ಅಣ್ಣಾರೆ, ಹಿಂಗ್ ಮಾತಾಡಿದ್ರ ನಾ ಕೇಳಂಗಿಲ್ಲ, ಆಮೇಲೆ ಮಾತಾಡೋಣ’ ಅಂತ ಹೇಳಿ ಎದ್ದು ಹೋಗಿ. ನಿಲ್ಲದಿದ್ದರೆ ದಿನಾಂಕ ಹಾಕಿ ಬರೆದಿಟ್ಟುಕೊಂಡು ಮಾಲೀಕರಿಗೆ ಬರೆದು ಕೊಡಿ. ಮಾತಿಗೆ ಲೈಂಗಿಕ ಬಣ್ಣ ಬಂದರೆ ಅದು ಬೇರೆಯೇ ಪ್ರಕರಣ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ, ಗೊತ್ತಿರಲಿ ಅಂತ ಹೇಳಿದೆ.

ಬಡ್ತಿಯ ಭಯಕ್ಕೆ ಉತ್ತರ ಸಾವ್ಕಾರರ ಮಗನ ಹತ್ತಿರವೇ ಇದೆ. ಈ ರಿಪೋರ್ಟ್ ಯಾರು ನೋಡುತ್ತಾರೆ, ಎಲ್ಲಿ ಇಟ್ಟಿದ್ದಾರೆ, ಬಡ್ತಿಗೆ ನೋಡುತ್ತಾರಾ ಅಂತ ಸಹಜವಾಗಿ ಕೇಳಿ. ಕೇಳಿದರೆ ತಪ್ಪು ತಿಳಿಯುವುದಿಲ್ಲ, ತರಬೇತಿಗೆ ದುಡ್ಡು ಹಾಕಿದವರು ಅವರು. ‘ಬಡ್ತಿಗೂ ನೋಡ್ತೀವಿ’ ಅಂದರೆ, ಮೈಯರ್ಸ್ ಬ್ರಿಗ್ಸ್ ಮಾರುವವರೇ ತಮ್ಮ ಪರೀಕ್ಷೆಯಿಂದ ಜನರನ್ನು ಆಯ್ಕೆ ಮಾಡಬೇಡಿ ಅನ್ನುತ್ತಾರೆ ಎಂದು ತಿಳಿಸಿ. ಆರು ವರ್ಷದ ನಿಮ್ಮ ಲೆಕ್ಕ ಪುಸ್ತಕ ಅಲ್ಲೇ ಕಪಾಟಿನಲ್ಲಿದೆ. ನಿಮ್ಮ ಕೆಲಸ ತಿಳಿಯಲು ಅದನ್ನು ತೆರೆದು ನೋಡಿದರೆ ಸಾಕು.

ಎರಡನೇ ಸುತ್ತಿಗೆ ಹೋಗಿ. ಹೋಗದಿದ್ದರೆ ‘ಸಿ ಅಲ್ವಾ, ಬರಲ್ಲ’ ಅಂತ ಅದಕ್ಕೂ ಅಕ್ಷರ ಅಂಟಿಸುತ್ತಾರೆ. ಮೇಜಿನ ಮೇಲೆ ಬಗೆಯ ಹೆಸರಿನ ಬೋರ್ಡ್ ಇಡಿ ಅಂದರೆ ಮಾತ್ರ ನಗುತ್ತಲೇ ಬೇಡ ಅನ್ನಿ. ಅಕ್ಷರದ ಆಟ ಮುಗಿದ ಮೇಲೆ ಅರ್ಧ ಗಂಟೆ ಉಳಿಸಿಕೊಡಿ ಅಂತ ತರಬೇತಿ ಕೊಡುವವರನ್ನು ಕೇಳಿ. ಆ ಹೊತ್ತಲ್ಲಿ ನಾಲ್ವರೂ ಒಬ್ಬೊಬ್ಬರಾಗಿ ಎರಡು ಸಾಲು ಹೇಳಲಿ: ನನಗೆ ಕೆಲಸ ಹೇಗೆ ಹೇಳಿದರೆ ಸುಲಭ, ಏನು ಮಾಡಿದರೆ ತೊಡಕು. ಅಣ್ಣಾರು ‘ಫೋನ್ ಮೂರು ಸಲ ಮಾಡಬ್ಯಾಡ್ರಿ’ ಅನ್ನಬಹುದು, ಬರೆದುಕೊಳ್ಳಿ. ಮುನೀಮ ಕಾಕಾ ಎಲ್ಲಾ ಕೇಳಿ ಕೊನೆಗೆ ‘ಆಯ್ತ್ರಿ’ ಅಂದರೆ ಅಲ್ಲಿಗೆ ಬಿಡಬೇಡಿ. ‘ಏನೇನು ಆಯ್ತ್ರಿ ಕಾಕಾ?’ ಅಂತ ನಗುತ್ತಾ ಕೇಳಿ, ಹೇಳುವವರೆಗೆ ಕಾಯಿರಿ.